ಉಪ್ಪಿನ ನೀರಡಿಕೆ

ಮೂವತ್ನಾಲ್ಕು ವರ್ಷ ನಾನು ಬಾಯ್ಲರ್ ಕಾದವನು. ಮರಾಠಿ ಸೀಮೆಯ ಖಡಕಿಯ ಒಂದು ಕಾರ್ಖಾನೆಯಲ್ಲಿ ಅಟೆಂಡೆಂಟ್ ಆಗಿದ್ದೆ, ಹೆಸರು ಕಾಡಪ್ಪ. ನನ್ನ ಪಾಳಿಯಲ್ಲಿ ಒಂದು ಕೊಳವೆ ಒಡೆಯಲಿಲ್ಲ, ಒಬ್ಬನ ಕೈ ಸುಡಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದ ಸಾಹೇಬರು, ಕಾಡಪ್ಪನವರಿದ್ದರೆ ನಾವು ಮನೆಯಲ್ಲಿ ನಿಶ್ಚಿಂತೆಯಿಂದ ಮಲಗುತ್ತಿದ್ದೆವು ಎಂದು ಭಾಷಣ ಮಾಡಿದರು. ಜಂಭಕ್ಕೆ ಹೇಳುತ್ತಿಲ್ಲ. ಇಷ್ಟೆಲ್ಲ ಬಲ್ಲವನು ಎಂಥ ತಪ್ಪು ಮಾಡಿದೆ ಎಂಬುದು ನಿಮಗೆ ಗೊತ್ತಾಗಬೇಕಲ್ಲ, ಅದಕ್ಕೆ ಹೇಳಿದೆ.

ನನ್ನ ಮಗ ಶಿವಪ್ರಕಾಶ ಇಂಜಿನಿಯರಿಂಗ್ ಓದಿ ಐದು ವರ್ಷ ಒಂದೇ ಒಂದು ಯಂತ್ರದ ಬೆನ್ನು ಹತ್ತಿದ್ದ. ಖಡಕಿಯ ರೈಲು ಹಳಿಯ ಪಕ್ಕ ಒಂದು ತಗಡಿನ ಶೆಡ್ ಹಿಡಿದಿದ್ದ. ಜೊತೆಗೆ ಇಂಪನಾ ಎಂಬ ಹಾಸನದ ಹುಡುಗಿ, ಅವನ ಪಾಲುದಾರಳು. ಯಂತ್ರ ನೋಡಲಿಕ್ಕೆ ಏನೂ ಇಲ್ಲ. ಎರಡು ದೊಡ್ಡ ಪೀಪಾಯಿ, ನಡುವೆ ಒಂದು ದಪ್ಪ ಪೈಪು, ಪೈಪಿಗೆ ಒಂದು ಹಳದಿ ವಾಲ್ವ್. ಒಂದು ಪೀಪಾಯಿಯಲ್ಲಿ ಉಪ್ಪು, ಅಡುಗೆಯದಲ್ಲ, ಬೇರೆ ಜಾತಿಯದು. ಇನ್ನೊಂದರಲ್ಲಿ ನೀರು. ಬೇಸಿಗೆಯ ಬಿಸಿಲಿನಿಂದ ಉಪ್ಪನ್ನು ಕಾಯಿಸಿದರೆ ಅದರೊಳಗಿನ ನೀರೆಲ್ಲ ಆವಿಯಾಗಿ ಆ ಕಡೆಯ ಪೀಪಾಯಿಗೆ ಹೋಗುತ್ತದೆ. ಆಗ ವಾಲ್ವ್ ಮುಚ್ಚಿಬಿಡಬೇಕು. ಬೇಕೆಂದಾಗ ತೆರೆದರೆ ಉಪ್ಪು ಆ ನೀರನ್ನು ವಾಪಸು ಕುಡಿಯುತ್ತದೆ. ಕುಡಿಯುವ ಉಪ್ಪಿನ ಕಡೆ ಬಿಸಿ, ಕುಡಿಸುವ ನೀರಿನ ಕಡೆ ಥಂಡಿ. ಒಂದು ಕಡೆ ಸ್ನಾನಕ್ಕೆ ನೀರು ಕಾಯಿಸಿಕೊಳ್ಳಿ, ಇನ್ನೊಂದು ಕಡೆ ಕಾಯಿಪಲ್ಲೆ ತಂಪಾಗಿಡಿ. ಮೇ ತಿಂಗಳ ಬಿಸಿಲನ್ನು ಆಗಸ್ಟಿನ ಮಳೆಯಲ್ಲಿ ತೆಗೆಯುವುದು ಎಂದರೆ ಇದು.

ನನಗೆ ನಂಬಿಕೆ ಬರಲಿಲ್ಲ. ಪೀಪಾಯಿ ಮುಟ್ಟಿದರೆ ತಣ್ಣಗಿತ್ತು. ಮುಟ್ಟಿದರೆ ತಣ್ಣಗಿರುವುದರೊಳಗೆ ಬಿಸಿ ಇದೆ ಎಂದರೆ ಬಾಯ್ಲರಿನವನು ನಂಬುತ್ತಾನೆಯೇ?

"ಅಪ್ಪಾ, ಇದು ನಿನ್ನ ಬಾಯ್ಲರ್ ಇದ್ದಂಗ ಅಲ್ಲ" ಎಂದು ಅವನು ನಗುತ್ತಿದ್ದ. "ಬಿಸಿ ಬಿಸಿ ಆಗೇ ಒಳಗ ಕುಂತಿಲ್ಲ. ಉಪ್ಪಿನ ನೀರಡಿಕಿಯೊಳಗ ಅದ. ನೀರಡಿಕಿ ಎಷ್ಟು ದಿನ ಇರ್ತದ, ಬಿಸಿನೂ ಅಷ್ಟು ದಿನ ಇರ್ತದ."

ನಾನು ಕೊಂಕು ಮಾತಾಡುವ ಮೊದಲೇ ಅವನ ತಾಯಿ ಸಾವಂತ್ರವ್ವ ಒಲೆಯ ಮುಂದಿನಿಂದ, "ಅದರಾಗೇನದರಿ ತಿಳೀಲಾರದ್ದು? ಸುಣ್ಣದ ಕಲ್ಲು. ವರ್ಷಗಟ್ಟಲೆ ಮೂಲ್ಯಾಗ ತಣ್ಣಗ ಬಿದ್ದಿರ್ತದ. ನೀರ ಹಾಕ್ರಿ, ಕೊತಕೊತ ಕುದೀತದ" ಎಂದಳು. ಶಿವಪ್ರಕಾಶ ಎದ್ದು ಹೋಗಿ ತಾಯಿಯ ಕೈಗೆ ಮುತ್ತು ಕೊಟ್ಟ. ಮೂರನೆಯ ಇಯತ್ತೆ ಕಲಿತವಳಿಗೆ ತಿಳಿದದ್ದು ಸರ್ಟಿಫಿಕೇಟು ಇದ್ದವನಿಗೆ ತಿಳಿಯಲಿಲ್ಲ.

ಈ ವರ್ಷ ಮೇ ತಿಂಗಳ ಮೊದಲ ವಾರ ಅವನು ಉಪ್ಪನ್ನು ಪೂರ್ತಿ ಕಾಯಿಸಿ ತನ್ನ ಕೈಯಾರೆ ಹಳದಿ ವಾಲ್ವ್ ಮುಚ್ಚಿದ. ನೂರು ದಿನ ಹಾಗೆಯೇ ಇಟ್ಟು ನೂರನೆಯ ದಿನ ತೆರೆಯುವುದು ಎಂದು ಅವನ ಲೆಕ್ಕ. ಅಷ್ಟು ದಿನದ ಮೇಲೂ ಬಿಸಿ ಬಂದರೆ ಘಟ್ಟದ ಮೇಲಿನ ಲೋಣಾವಳಾದ ಒಂದು ಹೋಟೆಲಿನವರು ಯಂತ್ರ ಹಾಕಿಸಿಕೊಳ್ಳಲು ಒಪ್ಪಿದ್ದರು. ಅಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಿಸಿಲಿನ ಮುಖ ಕಾಣುವುದಿಲ್ಲ, ಬಂದ ಗಿರಾಕಿಗಳೆಲ್ಲ ಬಿಸಿನೀರು ಬಿಸಿನೀರು ಎಂದು ಜೀವ ತಿನ್ನುತ್ತಾರೆ. ಶೆಡ್ಡಿನ ಬಾಗಿಲ ಮೇಲೆ ಶಿವಪ್ರಕಾಶ ಸೀಮೆಸುಣ್ಣದಿಂದ ದಿನ ಬರೆಯತೊಡಗಿದ. ಒಂದು, ಎರಡು, ಮೂರು.

ಮೂವತ್ತೇಳು ಎಂದು ಬರೆದು ಹೋದವನು ಬರಲಿಲ್ಲ. ಹೋಟೆಲಿನಲ್ಲಿ ಜಾಗ ಅಳೆಯಲು ಬೈಕಿನ ಮೇಲೆ ಲೋಣಾವಳಾಕ್ಕೆ ಹೋಗಿದ್ದ. ಮೊದಲ ಮಳೆ, ಜಾರುವ ರಸ್ತೆ, ಎದುರಿಗೆ ಟ್ರಕ್ಕು. ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗುವುದಿಲ್ಲ.

ಆಸ್ಪತ್ರೆಯವರು ಒಂದು ರಾತ್ರಿ ಅವನನ್ನು ಥಂಡಿ ಪೆಟ್ಟಿಗೆಯಲ್ಲಿ ಇಟ್ಟು ಮರುದಿನ ಕೊಟ್ಟರು. ಮನೆಯಲ್ಲಿ ಇಳಿಸಿದಾಗ ಸಾವಂತ್ರವ್ವ ಓಡಿ ಬಂದು ಅವನ ಗಲ್ಲ ಹಿಡಿದಳು. ಹಿಡಿದವಳು ಚಟ್ಟನೆ ಕೈ ಹಿಂದಕ್ಕೆ ತೆಗೆದಳು. ಅಷ್ಟು ತಣ್ಣಗಿದ್ದ. ಮತ್ತೆ ಅವಳು ಅವನನ್ನು ಮುಟ್ಟಲಿಲ್ಲ. ಎಲ್ಲರೂ ಮುಟ್ಟಿ ನಮಸ್ಕಾರ ಮಾಡುವಾಗಲೂ ಗೋಡೆಗೆ ಒರಗಿ ನಿಂತಿದ್ದಳು. ಆ ಒಂದು ಚಣ ಅವಳನ್ನು ತಿಂದುಹಾಕಿತು.

"ಹೆತ್ತ ಮಗನ್ನ ಮುಟ್ಟಿ ಕೈ ತಗದೆ ನಾ. ಅಂವಗ ತಿಳಿದಿತ್ತೇನು?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಏನು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ನನಗೂ ಇರಲಿಲ್ಲ. ರಾತ್ರಿಯೆಲ್ಲ ಇಬ್ಬರೂ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆವು.

ತಿಂಗಳು ಕಳೆದ ಮೇಲೆ ಇಂಪನಾ ಮನೆಗೆ ಬಂದಳು. ಪರೀಕ್ಷೆ ನಿಲ್ಲಿಸಬೇಕೋ ಬೇಡವೋ ಎಂದು ಕೇಳಲು ಬಂದಿದ್ದಳು. ಸಾವಂತ್ರವ್ವ ತಲೆ ಎತ್ತಿ, "ಅಂವ ತುಂಬಿಟ್ಟಿದ್ದ ಬಿಸಿ ಇನ್ನೂ ಅದ ಏನವ್ವಾ ಅದರಾಗ?" ಎಂದು ಕೇಳಿದಳು.

"ಇದೆ ಆಂಟಿ. ವಾಲ್ವ್ ಓಪನ್ ಮಾಡೋ ತನಕ ಹಾಗೇ ಇರುತ್ತೆ."

"ಹಂಗಾರ ನೂರನೇ ದಿನ ನಾ ಬರ್ತೀನಿ. ತಗದ ಕೂಡ್ಲೆ ಮೊದಲ ನಾ ಮುಟ್ಟತೀನಿ. ನನ್ನ ಮಗನ ಕೈಯಿಂದ ಬಂದ ಬಿಸಿ ಅದು." ಹಾಗೆಂದು ಆ ದಿನ ಅವಳು ಒಂದು ರೊಟ್ಟಿ ಪೂರ್ತಿ ತಿಂದಳು. ಹೋಟೆಲಿನವರು ಒಪ್ಪುತ್ತಾರೋ ಬಿಡುತ್ತಾರೋ, ನನಗೆ ಆಗಿನಿಂದ ಬೇಕಾದದ್ದು ಇದೊಂದೇ. ಆ ದಿನ ಅವಳ ಕೈಗೆ ಆ ಬಿಸಿ ತಾಗಬೇಕು.

ಮರುದಿನದಿಂದ ನಾನು ಡ್ಯೂಟಿಗೆ ಹತ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ಬುತ್ತಿ ಕಟ್ಟಿಕೊಂಡು ಶೆಡ್ಡಿಗೆ ಹೋಗುವುದು, ಬಾಗಿಲ ಮೇಲೆ ದಿನ ಬರೆಯುವುದು, ಪೀಪಾಯಿಯ ಪಕ್ಕ ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಕೂರುವುದು. ಹಳಿಯ ಆಚೆಯ ಚಹಾದವನು, "ಕಾಯ್ ಕಾಕಾ, ಆಜ್ ಪಣ್ ಡ್ಯೂಟಿ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದ, ಇವತ್ತೂ ಡ್ಯೂಟಿಯೇ ಎಂದು. "ಹೋ ರೇ ಬಾಬಾ" ಎನ್ನುತ್ತಿದ್ದೆ. ಲೋಣಾವಳಾದ ಲೋಕಲ್ ಗಾಡಿ ಹೋದಾಗ ಮಾತ್ರ ಎದ್ದು ಹಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ.

ತೊಂಬತ್ತೆರಡನೆಯ ದಿನ ಇಂಪನಾ ಬಂದು ಉಪ್ಪಿನ ಪೀಪಾಯಿಗೆ ಸುತ್ತಿದ್ದ ದಪ್ಪ ಹೊದಿಕೆಯನ್ನು ಒಂದು ಕಡೆ ಮೊಳದಷ್ಟು ಕತ್ತರಿಸಿದಳು. ಒಳಗಿನ ತಗಡಿಗೆ ಒಂದು ವಾಯರ್ ಅಂಟಿಸಿ, ಶಾಖ ಎಷ್ಟೆಂದು ತಾನೇ ಬರೆದುಕೊಳ್ಳುವ ಸಣ್ಣ ಡಬ್ಬಿಗೆ ಜೋಡಿಸಿದಳು.

"ಅಂಕಲ್, ನಮ್ಮಕ್ಕನ ಮದುವೆ, ಊರಿಗೆ ಹೋಗ್ತಿದೀನಿ. ನೂರನೇ ದಿನ ಬೆಳಿಗ್ಗೆ ಡೈರೆಕ್ಟ್ ಇಲ್ಲಿಗೇ ಬರ್ತೀನಿ. ಹಳದಿ ವಾಲ್ವ್ ಮಾತ್ರ ಮುಟ್ಟಬೇಡಿ, ಪ್ಲೀಸ್."

"ನಾ ಯಾಕ ಮುಟ್ಟಲವ್ವಾ? ವಾಲ್ವ್ ಕಾಯೂದರಾಗ ನನ್ನ ಹಲ್ಲು ಬಿದ್ದಾವ" ಎಂದೆ. ಅವಳು ಪಾಪ ನಕ್ಕು ಹೋದಳು.

ಮರುದಿನ ಭಯಂಕರ ಮಳೆ. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಠಣ್ ಎಂದು ತಗಡಿನ ಸದ್ದಾಯಿತು. ಚಾವಣಿಯದೋ ಪೀಪಾಯಿಯದೋ ಈಗಲೂ ಗೊತ್ತಿಲ್ಲ. ಹೋಗಿ ನೋಡಿದೆ. ಹೊದಿಕೆ ಕತ್ತರಿಸಿದ ಜಾಗದಲ್ಲಿ ಒಂದು ಒತ್ತಡದ ಮೀಟರ್ ಕಾಣುತ್ತಿತ್ತು. ಇಷ್ಟು ದಿನ ಅದು ಹೊದಿಕೆಯ ಒಳಗಿತ್ತು, ನಾನು ನೋಡಿರಲಿಲ್ಲ. ಮೀಟರಿನ ಮುಳ್ಳು ಸೊನ್ನೆಯ ಎಡಕ್ಕೆ, ಪೂರ್ತಿ ತುದಿಗೆ ಹೋಗಿ ನಿಂತಿತ್ತು.

ಬಾಯ್ಲರಿನವರಿಗೆ ಒಂದು ನಿಯಮವಿದೆ. ಬೆಂಕಿ ಆರಿಸಿದ ಮೇಲೆ ಒಳಗಿನ ಉಗಿ ತಣಿದು ನೀರಾಗುತ್ತದೆ, ಅದರ ಜಾಗ ಬರಿದಾಗುತ್ತದೆ. ಮುಳ್ಳು ಸೊನ್ನೆಗಿಂತ ಕೆಳಗಿಳಿಯಿತೆಂದರೆ ಹೊರಗಿನ ಗಾಳಿಯ ಭಾರಕ್ಕೆ ತಗಡು ಒಳಗೆ ಮುದುಡಿ ಹೋಗಬಹುದು. ಹಾಗಾಗದಂತೆ ಮೇಲಿನ ಕಾಕ್, ಅಂದರೆ ಸಣ್ಣ ನಲ್ಲಿ, ತೆರೆದು ಗಾಳಿ ಕೊಡಬೇಕು. ಇದನ್ನು ಮೊದಲ ವಾರವೇ ಕಲಿಸುತ್ತಾರೆ. ಹೊಸಬರಿಗೆ ನಾನೇ ಬಡಿದು ಬಡಿದು ಕಲಿಸಿದ್ದೇನೆ. ಮಗನ ಪೀಪಾಯಿ ನನ್ನ ಕಣ್ಣೆದುರಿಗೆ ಮುದುಡುತ್ತಿದೆ ಎಂದೇ ನನಗೆ ಅನ್ನಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮೂವತ್ನಾಲ್ಕು ವರ್ಷದ ರೂಢಿಯೂ ಹಾಗೆಯೇ. ತಲೆ ಯೋಚಿಸುವುದರೊಳಗೆ ಕೈ ಹೋಗಿ ಮೇಲಿನ ಕಾಕ್ ತಿರುಗಿಸಿತು.

ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಳ್ಳು ಮೆಲ್ಲಗೆ ಮೇಲೆದ್ದು ಸೊನ್ನೆಗೆ ಬಂದು ನಿಂತಿತು. ಅಬ್ಬಾ, ಉಳಿಸಿದೆ ಎಂದುಕೊಂಡೆ. ಮತ್ತೆ ಉಗಿ ನಿಲ್ಲಬಾರದೆಂದು, ನಾವು ಯಾವಾಗಲೂ ಮಾಡುವಂತೆ, ನೀರು ಬಸಿಯುವ ಕೆಳಗಿನ ಡ್ರೇನನ್ನೂ ತೆರೆದಿಟ್ಟೆ. ಹಳದಿ ವಾಲ್ವ್ ಮಾತ್ರ ಮುಟ್ಟಲಿಲ್ಲ ನೋಡಿ. ಹೇಳಿದ ಮಾತು ಮೀರುವವನಲ್ಲ ನಾನು!

ಅರ್ಧ ತಾಸಿನ ಮೇಲೆ ಸುಮ್ಮನೆ ತಗಡಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ನಾನು ನಂಬಲಿಲ್ಲ. ಕೈ ಒರೆಸಿಕೊಂಡು ಇನ್ನೊಂದು ಸಲ ಇಟ್ಟೆ. ನಿಜವಾಗಿಯೂ ಬೆಚ್ಚಗಿತ್ತು, ಕ್ಷಣಕ್ಷಣಕ್ಕೂ ಏರುತ್ತಿತ್ತು. ಹಾಗಾದರೆ ಬಿಸಿ ಇದೆ, ಮಗ ಹೇಳಿದ್ದು ಸುಳ್ಳಲ್ಲ! ತೊಂಬತ್ತಮೂರು ದಿನದ ಮೇಲೂ ಇದೆ! ಐದು ವರ್ಷ ಅವನನ್ನು ಹೀಯಾಳಿಸಿದ ಮುದುಕ ನಾನು, ಆ ಪೀಪಾಯಿಗೆ ಹಣೆ ಹಚ್ಚಿ ಗಳಗಳ ಅತ್ತೆ. ಸಾವಂತ್ರವ್ವನಿಗೆ ಫೋನ್ ಮಾಡಲು ಮೊಬೈಲು ತೆಗೆದೆ. ಬೇಡ, ನೂರನೆಯ ದಿನ ಅವಳೇ ಮುಟ್ಟಲಿ, ಮೊದಲೇ ಹೇಳಿದರೆ ಏನು ಸೊಗಸು ಎಂದು ಮತ್ತೆ ಕಿಸೆಯಲ್ಲಿಟ್ಟೆ. ಆಮೇಲೆ ಹೊದಿಕೆ ಕತ್ತರಿಸಿದ ಜಾಗಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಹೊರಗೆ ಮಳೆ ಹೊಡೆಯುತ್ತಿತ್ತು. ಬೆನ್ನಿಗೆ ಹಿತವಾಗಿತ್ತು. ಮಗ ಹೋದ ಮೇಲೆ ಮೊದಲ ಸಲ ನನಗೆ ನಿದ್ದೆ ಬಂತು. ಲೋಣಾವಳಾದ ಗಾಡಿಗಳು ಎಷ್ಟು ಹೋದವೋ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಸಂಜೆ ಆರು ಹೊಡೆದಿತ್ತು.

ಮರುದಿನ ಪೀಪಾಯಿ ಉಗುರುಬೆಚ್ಚಗಿತ್ತು, ಅದರ ಮರುದಿನ ತಣ್ಣಗೆ. ಮೊದಲೂ ತಣ್ಣಗೇ ಇತ್ತಲ್ಲ, ಮಗ ಹೇಳಿದ್ದೂ ಅದನ್ನೇ ಅಲ್ಲವೇ ಎಂದು ನಾನು ಆರಾಮಾಗಿದ್ದೆ.

ನೂರನೆಯ ದಿನ ಇಂಪನಾ ಬ್ಯಾಗಿನ ಸಮೇತ ಸ್ಟೇಷನ್ನಿನಿಂದ ನೇರವಾಗಿ ಬಂದಳು. ಸಾವಂತ್ರವ್ವ ತಲೆಸ್ನಾನ ಮಾಡಿ ಪೂಜೆ ಮುಗಿಸಿ ಹನ್ನೊಂದಕ್ಕೆ ರಿಕ್ಷಾದಲ್ಲಿ ಬರುವವಳಿದ್ದಳು. ಇಂಪನಾ ಮೀಟರ್ ನೋಡಿದಳು. ಬಗ್ಗಿ ಇನ್ನೊಂದು ಸಲ ನೋಡಿದಳು.

"ಅಂಕಲ್, ಈ ಕಾಕ್ ಯಾರು ಓಪನ್ ಮಾಡಿದ್ದು?"

ನಾನು ಅದಕ್ಕೇ ಕಾದಿದ್ದೆ. "ನಾನs ತಗದೆ. ಮುಳ್ಳು ಪೂರಾ ಎಡಕ್ಕ ಹೋಗಿತ್ತು ನೋಡವ್ವಾ. ಇನ್ನರ್ಧ ತಾಸು ತಡಾ ಆಗಿದ್ರ ಪೀಪಾಯಿ ಮುದುಡಿ ಮುದ್ದಿ ಆಗ್ತಿತ್ತು. ಗಾಳಿ ಬಿಟ್ಟು ಉಳಿಸಿದೆ" ಎಂದು ಮೀಸೆ ತಿರುವಿದೆ. ಡ್ರೇನ್ ತೆರೆದದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅವಳ ಮುಖ ನೋಡಿದೆ. ಅವಳು ನನ್ನ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು.

ಅವಳು ಹೇಳಿದ್ದು ಇಷ್ಟು. ಆ ಪೀಪಾಯಿಯಲ್ಲಿ ಗಾಳಿ ಇರಲೇಬಾರದು. ಒಂದಿಷ್ಟೂ ಇಲ್ಲದಂತೆ ಪಂಪಿನಿಂದ ಎಳೆದು ತೆಗೆದದ್ದು. ಮುಳ್ಳು ಎಡದ ತುದಿಯಲ್ಲಿದ್ದರೇ ಅದು ಸರಿಯಾಗಿದೆ ಎಂದು ಅರ್ಥ. ನಾನು ಬಿಟ್ಟದ್ದು ಮಳೆಗಾಲದ ಹಸಿ ಗಾಳಿ. ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ, ಚಿಮಣಿಯ ಹಾಗೆ ಹರಿದ ಗಾಳಿಯೊಳಗಿನ ನೀರನ್ನೆಲ್ಲ ಉಪ್ಪು ಕುಡಿದುಬಿಟ್ಟಿತು. ಏಳು ದಿನ ಕುಡಿದು ಈಗ ಕೆಸರಾಗಿದೆ. ಇನ್ನು ಅದಕ್ಕೆ ನೀರಡಿಕೆ ಇಲ್ಲ.

"ಅಪ್ಪಾ, ಒಳಗ ಗಾಳಿ ಇರಂಗಿಲ್ಲ" ಎಂದು ಶಿವಪ್ರಕಾಶ ಎಂದಾದರೂ ನನಗೆ ಹೇಳಿರಲೇಬೇಕು. ನಾನು ಹೂಂ ಹೂಂ ಎಂದಿರಬೇಕು. ಮಗ ಹೇಳಿದ್ದನ್ನು ಕಿವಿಗೊಟ್ಟು ಕೇಳಲು ಆಗ ನನಗೇನು ದಾಡಿಯಾಗಿತ್ತೋ.

ಅವಳು ಡಬ್ಬಿಯ ವಾಯರನ್ನು ಲ್ಯಾಪ್‌ಟಾಪಿಗೆ ಚುಚ್ಚಿ ತೋರಿಸಿದಳು. ಡಬ್ಬಿ ಜೋಡಿಸಿದಾಗಿನಿಂದ ತೊಂಬತ್ತಮೂರನೆಯ ದಿನದವರೆಗೆ ನೆಟ್ಟಗೆ ಮಲಗಿದ ಗೆರೆ. ಅಂದು ಮಧ್ಯಾಹ್ನ ಎರಡಕ್ಕೆ ಎದ್ದು, ಮೂವತ್ತೊಂಬತ್ತು ಡಿಗ್ರಿಗೆ ಏರಿ, ಆರು ಗಂಟೆಯವರೆಗೆ ಅಲ್ಲೇ ಇದ್ದು, ಆಮೇಲೆ ಇಳಿಯುತ್ತ ಇಳಿಯುತ್ತ ಎರಡು ದಿನದಲ್ಲಿ ಕೆಳಗೆ ಬಂದು ಮಲಗಿತ್ತು. ಎರಡರಿಂದ ಆರು. ಅದು ನಾನು ಬೆನ್ನು ಕೊಟ್ಟು ಮಲಗಿದ ಹೊತ್ತು. ಮಗ ತುಂಬಿಟ್ಟದ್ದೆಲ್ಲ ನನ್ನ ಬೆನ್ನಿಗೂ ಆ ಹಾಳು ಶೆಡ್ಡಿಗೂ ಹೋಯಿತು. ನನ್ನ ಕೈ ಕತ್ತರಿಸಿ ಹಳಿಯ ಮೇಲೆ ಒಗೆಯಬೇಕು ಅನ್ನಿಸಿತು.

"ತಪ್ಪು ನಂದೂ ಇದೆ ಅಂಕಲ್. ನಾನೇ ಹೊದಿಕೆ ಕಟ್ ಮಾಡಿದ್ದು, ಮೀಟರ್ ಬಗ್ಗೆ ಹೇಳ್ಲೇ ಇಲ್ಲ" ಎಂದು ಇಂಪನಾ ಕಣ್ಣೊರೆಸಿಕೊಂಡಳು. "ಹೊಸ ಉಪ್ಪು ತುಂಬಿ ಮುಂದಿನ ಬೇಸಿಗೇಲಿ ಮತ್ತೆ ಚಾರ್ಜ್ ಮಾಡ್ತೀನಿ. ಮೆಷಿನ್‌ಗೆ ಏನೂ ಆಗಿಲ್ಲ. ಹೋಟೆಲ್‌ನವರಿಗೆ ನಾನು ಹೇಳ್ಕೋತೀನಿ." ಗಂಟೆ ನೋಡಿದಳು. ಹತ್ತೂಮುಕ್ಕಾಲು. "ಆಂಟಿಗೆ ಲೀಕ್ ಆಯ್ತು ಅಂತ ಹೇಳೋಣ್ವಾ? ಯಾವುದೋ ಜಾಯಿಂಟ್ ಲೀಕ್ ಆಗಿತ್ತು ಅಂತ. ನಿಮ್ಮ ಹೆಸರು ಬರೋದೇ ಬೇಡ."

ಸುಳ್ಳು ಏಕೆ ಹೇಳಲಿ, ನನಗೆ ಆಸೆಯಾಯಿತು. ಆ ಹದಿನೈದು ನಿಮಿಷ ನಾನು ಆ ಮಾತನ್ನೇ ಹಿಡಿದುಕೊಂಡು ಶೆಡ್ಡಿನಲ್ಲಿ ಅಡ್ಡಾಡಿದೆ. ಆದರೆ ಜಾಯಿಂಟ್ ಹಾಕಿದವನು ಯಾರು? ಒಂದೊಂದು ಬೆಸುಗೆಯನ್ನೂ ಮಗನೇ ಹಾಕಿದ್ದ, ನನ್ನನ್ನೂ ಹತ್ತಿರ ಬಿಟ್ಟಿರಲಿಲ್ಲ. ಕಿಡಿ ಬಿದ್ದು ಸುಟ್ಟ ಅವನ ಮುಂಗೈಗೆ ಸಂಜೆ ಸಂಜೆ ಕೊಬ್ಬರಿ ಎಣ್ಣೆ ಹಚ್ಚಿದವಳು ಸಾವಂತ್ರವ್ವ. ಈಗ ಅವಳ ಮುಂದೆ ನಿಂತು, ನಿನ್ನ ಮಗನ ಕೆಲಸ ಸೋರಿತು ಎಂದು ಹೇಳಬೇಕು. ಅವನು ಸತ್ತಿದ್ದಾನೆ, ಎದ್ದು ಬಂದು ಇಲ್ಲ ಅನ್ನಲಾರ. ತೊಂಬತ್ತಮೂರು ದಿನ ಒಂದು ಕೂದಲೆಳೆಯಷ್ಟೂ ಗಾಳಿ ಬಿಡದ ಬೆಸುಗೆ ಅದು.

ರಿಕ್ಷಾ ಬಂತು. ಸಾವಂತ್ರವ್ವ ಇಳಕಲ್ ಸೀರೆ ಉಟ್ಟು, ಒದ್ದೆ ಕೂದಲು ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, "ಎಲ್ಲೆ ಮುಟ್ಟಬೇಕು?" ಎಂದಳು. ಎರಡು ತಿಂಗಳಲ್ಲಿ ಅವಳ ದನಿಯಲ್ಲಿ ಅಷ್ಟು ಜೀವ ನಾನು ಕೇಳಿರಲಿಲ್ಲ. ಇಂಪನಾ ನನ್ನ ಕಡೆ ನೋಡಿದಳು.

"ಕುಂದರು" ಎಂದೆ. ಅವಳು ಕೂರಲಿಲ್ಲ. ನಿಂತವಳಿಗೇ ಹೇಳಿದೆ. ಮುಳ್ಳು, ಕಾಕ್, ಮಳೆ, ಒಂದನ್ನೂ ಬಿಡಲಿಲ್ಲ. "ನಾ ಕೆಡಿಸಿದೆ, ಸಾವಂತ್ರಿ. ಅವನ ಕೆಲಸದಾಗ ಏನೂ ಕೊರತಿ ಇರಲಿಲ್ಲ. ಬಿಸಿ ಬಂತು. ಅಂವ ಹೇಳಿದಂಗs ಬಂತು. ನೀ ಇರಲಿಲ್ಲ."

ಅವಳು ಪೀಪಾಯಿಯ ಮೇಲೆ ಕೈ ಇಟ್ಟು ನೋಡಿದಳು. ಸುತ್ತಲೂ ಹೋಗಿ ನಾಲ್ಕು ಕಡೆ ಇಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೊತ್ತು ಇತ್ತು?" ಎಂದಳು.

"ನಾಕ ತಾಸು."

"ನಾಕ ತಾಸು ಏನ ಮಾಡಿದ್ರಿ ನೀವು?"

"ಬೆನ್ನ ಹಚ್ಚಿ ಕುಂತಿದ್ದೆ. ನಿದ್ದಿ ಹತ್ತಿತು."

"ನಿದ್ದಿ ಮಾಡಿದ್ರಿ!" ಅವಳು ಕಿರುಚಿದಳು. ಹಳಿಯ ಆಚೆ ಚಹಾದವನು ಇಣುಕಿ ನೋಡಿದ. "ಮನಿ ಹತ್ತ ಮಿನಿಟಿನ ಹಾದಿ. ಕಿಸೇದಾಗ ಫೋನ್ ಇತ್ತು. ಕರೀಬೇಕು ಅನ್ನಿಸಲಿಲ್ಲೇನ್ರೀ ನಿಮಗ? ಎಲ್ಲಾ ನೀವೊಬ್ರೇ ತಗೊಂಡ್ರಿ. ನನಗೇನ ಇಟ್ರಿ? ನನಗ ಆ ಥಂಡಿ ಗಲ್ಲಾ ಒಂದs ಇಟ್ರಿ."

ಅವಳು ಹೇಳಿದ್ದು ಖರೆ. ಸೊಗಸು ಕೆಡುತ್ತದೆ ಎಂದು ಫೋನ್ ಕಿಸೆಯಲ್ಲಿ ಇಟ್ಟವನು ನಾನೇ. ಕಾಕ್ ತೆರೆದದ್ದು ರೂಢಿಯ ತಪ್ಪು ಎನ್ನಬಹುದು. ಇದಕ್ಕೆ ಯಾವ ರೂಢಿಯ ನೆಪವೂ ಇಲ್ಲ. ಇಂಪನಾ ಹೊರಗೆ ಹೋಗಿ ಮಳೆಯಲ್ಲೇ ನಿಂತಳು.

ಸಾವಂತ್ರವ್ವ ಅತ್ತಳು. ನಾನು ಹತ್ತಿರ ಹೋದರೆ ದೂಡಿದಳು. ದಣಿದ ಮೇಲೆ ಕುರ್ಚಿಯಲ್ಲಿ ಕೂತು ಮೂಗು ಒರೆಸಿಕೊಂಡಳು.

"ಹೆಂಗಿತ್ತು?" ಎಂದು ಕೇಳಿದಳು, ನೆಲ ನೋಡುತ್ತ.

"ಸಣ್ಣಂವ ಇದ್ದಾಗ ಅವಗ ಜ್ವರಾ ಬರ್ತಿದ್ದುವಲ್ಲ, ಹಂಗ. ಭಾಳ ಸುಡತಿರಲಿಲ್ಲ."

"ಅಂಗಿ ಹಾಕ್ಕೊಂಡಿದ್ರೇನು?"

"ಬನೀನು ಒಂದs. ಅಂಗಿ ತೊಯ್ದಿತ್ತು, ತಗದಿದ್ದೆ."

"ಯಾವ ಕಡೆ ಹತ್ತಿತ್ತು? ತೋರಸ್ರಿ."

ನಾನು ಅವಳ ಮುಂದೆ ನೆಲದ ಮೇಲೆ ಬೆನ್ನು ತಿರುಗಿಸಿ ಕೂತೆ. ಅವಳು ಹಿಂದಿನಿಂದ ಅಂಗಿಯನ್ನೂ ಬನೀನನ್ನೂ ಎತ್ತಿ ಅಂಗೈ ಇಟ್ಟಳು. ಇಲ್ಲೇನು ಎಂದಳು. ಇನ್ನಷ್ಟು ಮ್ಯಾಲೆ ಎಂದೆ. ಕೈ ಮೇಲೆ ಸರಿಯಿತು. ಏಳು ದಿನ ಸ್ನಾನ ಮಾಡಿದ, ಮಳೆಯಲ್ಲಿ ನೆನೆದ ಮುದುಕನ ಬೆನ್ನು ಅದು. ಅವಳಿಗೆ ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ತಣ್ಣಗ ಅದರೀ" ಎಂದಳು.

ಕೈ ಮಾತ್ರ ತೆಗೆಯಲಿಲ್ಲ.